ಅಂಗಡಿಯ ಲೆಕ್ಕ ಬಲ್ಲ ಮಗುವಿಗೆ ಶಾಲೆಯ ಗಣಿತ ಕಠಿಣವೇಕೆ?

ಮಾಸ್ತಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಪೇಟೆ ಬೀದಿಯಲ್ಲಿ ಸಂಜೆ ಹೊತ್ತು ತಂದೆಯ ಅಂಗಡಿಗೆ ನೆರವಾಗುವ ಹತ್ತು ವರ್ಷದ ಮಕ್ಕಳನ್ನು ಗಮನಿಸಿ. ಕಿಲೋಗೆ 40 ರೂಪಾಯಿಯಂತೆ ಮುಕ್ಕಾಲು ಕಿಲೋ ಹಣ್ಣು ತೂಗಿ, ಗಿರಾಕಿ ಕೊಟ್ಟ 100 ರೂಪಾಯಿಯ ನೋಟಿಗೆ 70 ರೂಪಾಯಿ ಮರಳಿಸಲು ಅವರಿಗೆ ಕಾಗದವೂ ಬೇಡ, ಪೆನ್ಸಿಲೂ ಬೇಡ. ಅದೇ ಲೆಕ್ಕವನ್ನು ಶಾಲೆಯಲ್ಲಿ ಭಿನ್ನರಾಶಿಯೆಂದು ಹಲಗೆಯ ಮೇಲೆ ಬರೆದರೆ ಅದೇ ಮಗು ತಡವರಿಸುತ್ತದೆ. ‘ನಮ್ಮ ಹುಡುಗನ ತಲೆಗೆ ಲೆಕ್ಕ ಹತ್ತುವುದಿಲ್ಲ, ವ್ಯಾಪಾರಕ್ಕೆ ಸಾಕು ಬಿಡಿ’ ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ನಿಜವಾಗಿ, ಈ ತೀರ್ಪಿಗಿಂತ ದೊಡ್ಡ ಅನ್ಯಾಯವನ್ನು ಆ ಮಗುವಿಗೆ ಇನ್ನಾರೂ ಮಾಡಲಾರರು.

ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಹಾಗೂ ಅವರ ಸಂಗಡಿಗರು ಕೋಲ್ಕತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಲೆಕ್ಕವನ್ನು ಪರೀಕ್ಷಿಸಿದರು. ಅದರ ಫಲಿತಾಂಶ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾರುಕಟ್ಟೆಯ ಮಕ್ಕಳು ಕಠಿಣ ಲೆಕ್ಕವನ್ನೂ ಮನಸ್ಸಿನಲ್ಲೇ ಮಾಡಿ ಮುಗಿಸಿದರು. ಆದರೆ ಅಂಥದ್ದೇ ಲೆಕ್ಕ ಶಾಲೆಯ ರೂಪದಲ್ಲಿ ಬಂದಾಗ ಸೋತರು. ಶಾಲಾ ಮಕ್ಕಳದ್ದು ಇದಕ್ಕೆ ತದ್ವಿರುದ್ಧ. ಅಂದರೆ ಕೊರತೆ ಬುದ್ಧಿಯದ್ದಲ್ಲ. ಅಂಗಡಿಯ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ನಡುವೆ ಸೇತುವೆಯಿಲ್ಲ, ಅಷ್ಟೇ. ಆ ಸೇತುವೆಯನ್ನು ಶಾಲೆಯೊಂದೇ ಕಟ್ಟಲಾರದು, ಮನೆಯೂ ಕೈಜೋಡಿಸಬೇಕು.

ಇದು ನಮ್ಮ ಸಮುದಾಯದ ಸಮಸ್ಯೆ ಮಾತ್ರವಲ್ಲ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಸರಳ ಭಾಗಾಕಾರ ಬಲ್ಲವರು ಶೇ. 30.7 ಮಾತ್ರ. ಆದರೆ ಹಿಂದುಳಿಯುವಿಕೆಯ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ. 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಲನ್ನೇ ಹತ್ತಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಶಾಲೆ ಬಿಡಲು ಬಡತನವೇ ಮುಖ್ಯ ಕಾರಣವಿರಬಹುದು. ಆದರೆ ನಾಲ್ಕನೇ ತರಗತಿಯಲ್ಲಿ ಭಾಗಾಕಾರ ಅರ್ಥವಾಗದ ಮಗು ಏಳನೇ ತರಗತಿಯಲ್ಲಿ ಮೌನವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹೆದರಿ ಗ್ಯಾರೇಜಿನ ಹಾದಿ ಹಿಡಿಯುತ್ತದೆ. ಆಗ ನಾವು ವಿಧಿಯನ್ನು ಹಳಿದು ಫಲವೇನು?

ಗಡಿ ಜಿಲ್ಲೆಯಾದ ಕೋಲಾರದಲ್ಲಿ ಇನ್ನೊಂದು ತೊಡಕಿದೆ, ಭಾಷೆಯದ್ದು. ನಮ್ಮ ಮಗು ಮನೆಯಲ್ಲಿ ಉರ್ದುವಿನಲ್ಲಿ ಎಣಿಸುತ್ತದೆ, ಶಾಲೆಯಲ್ಲಿ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಕಲಿಯುತ್ತದೆ, ಸಂತೆಯಲ್ಲಿ ತೆಲುಗು ಕೇಳುತ್ತದೆ. ಕನ್ನಡದ ‘ಇಪ್ಪತ್ತೊಂಬತ್ತು’ ಎಂಬ ಪದದಲ್ಲೇ ಇಪ್ಪತ್ತೂ ಒಂಬತ್ತೂ ಕಾಣುತ್ತವೆ. ಉರ್ದುವಿನ ‘ಉನತೀಸ್’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ‘ತೀಸ್’ ಎಂದು ಕಿವಿಗೆ ಬಿದ್ದ ಮಗು 39 ಎಂದು ಬರೆದರೆ ಅದು ದಡ್ಡತನವಲ್ಲ. ಹಲವು ಭಾಷೆ ಬಲ್ಲುದು ಹೊರೆಯೂ ಅಲ್ಲ. ಮನೆಮಾತು ತಮಿಳಾಗಿದ್ದೂ ಮಾಸ್ತಿ ವೆಂಕಟೇಶ ಅಯ್ಯಂಗಾರರು ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದದ್ದು ಇದೇ ನೆಲದ ಹೆಮ್ಮೆ. ಸಂಖ್ಯೆಯನ್ನು ಎರಡೂ ಭಾಷೆಗಳಲ್ಲಿ ಹೇಳಿಸಿ, ಅಂಕಿಯಲ್ಲಿ ಬರೆಸಿದರೆ ತೊಡಕೇ ವರವಾಗುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲನೆಯದಾಗಿ, ಗಣಿತಕ್ಕೆ ದಿನವೂ ಇಪ್ಪತ್ತು ನಿಮಿಷ ಮೀಸಲಿಡಬೇಕು. ಪರೀಕ್ಷೆಯ ಹಿಂದಿನ ರಾತ್ರಿಯ ಮೂರು ಗಂಟೆ ಅದಕ್ಕೆ ಸಮನಾಗದು. ಆ ಹೊತ್ತಿನಲ್ಲಿ ಟಿ.ವಿ. ಮತ್ತು ಮೊಬೈಲ್ ಮುಚ್ಚಿರಲಿ, ಮಗುವಿನದ್ದು ಮಾತ್ರವಲ್ಲ, ದೊಡ್ಡವರದ್ದೂ. ಎರಡನೆಯದಾಗಿ, ‘ಉತ್ತರವೆಷ್ಟು?’ ಎಂಬುದಕ್ಕಿಂತ ‘ಹೇಗೆ ಬಂತು?’ ಎಂದು ಕೇಳಬೇಕು. ಅಕ್ಷರ ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆಯಿದು. ತಾಯಿಗೆ ವಿವರಿಸುತ್ತಲೇ ಮಗು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುತ್ತದೆ. ಮೂರನೆಯದಾಗಿ, ತಪ್ಪಾದುದನ್ನು ರಬ್ಬರಿನಿಂದ ಅಳಿಸಲು ಬಿಡದೆ, ಒಂದು ಗೆರೆ ಎಳೆದು ಕೆಳಗೆ ಮತ್ತೆ ಮಾಡಿಸಬೇಕು. ಎಲ್ಲಿ ಎಡವಿದೆನೆಂದು ತೋರಿಸುವ ಪುಟ ಮರುದಿನದ ಪಾಠವಾಗುತ್ತದೆ. ನಾಲ್ಕನೆಯದಾಗಿ, ಮಗ್ಗಿಯನ್ನು ಬಾಯಿಪಾಠಕ್ಕೆ ಬಿಡದೆ ಕಟ್ಟಿಸಬೇಕು. ಏಳು ನಾಲ್ಕಲಿ ಇಪ್ಪತ್ತೆಂಟು ಎಂದು ಬಲ್ಲ ಮಗು ಅದನ್ನು ಇಮ್ಮಡಿಸಿ ಏಳು ಎಂಟಲಿ ಐವತ್ತಾರನ್ನು ತಾನೇ ತಲಪಬಲ್ಲುದು.

ಎಲ್ಲಕ್ಕಿಂತ ಮುಖ್ಯವಾಗಿ, ಬಾಯಲ್ಲಿ ಮಾಡಿದ ಲೆಕ್ಕವನ್ನು ಬರೆದು ತೋರಿಸುವ ರೂಢಿ ಬೆಳೆಯಬೇಕು. 15 ಕಿಲೋದ ಟೊಮೇಟೊ ಬಾಕ್ಸಿಗೆ 300 ರೂಪಾಯಿಯಾದರೆ ಕಿಲೋಗೆಷ್ಟು? ‘ಇಪ್ಪತ್ತು’ ಎಂದು ಥಟ್ಟನೆ ಹೇಳುವ ಹುಡುಗ ಅದನ್ನು ಭಾಗಾಕಾರವಾಗಿ ಬರೆಯಲಿ. ಪುಸ್ತಕದ ಭಾಗಾಕಾರವನ್ನು ಅವನ ತಂಗಿ ಸಂತೆಯ ಕಥೆಯಾಗಿ ಹೇಳಲಿ. ಗಲ್ಲಾಪೆಟ್ಟಿಗೆಯ ಲೆಕ್ಕ ಗಂಡುಮಕ್ಕಳಿಗೆ, ಅಡುಗೆಮನೆ ಹೆಣ್ಣುಮಕ್ಕಳಿಗೆ ಎಂಬ ವಿಂಗಡಣೆ ಗಣಿತದಲ್ಲಿ ಸಲ್ಲದು. ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮಗುವನ್ನು ಶಾಲೆ ಬಿಡಿಸಿ ಅಂಗಡಿಯಲ್ಲಿ ಕೂರಿಸಬಹುದೆಂದು ಯಾರೂ ಅರ್ಥೈಸಬಾರದು. ಶಾಲೆಯ ಗಣಿತವಿಲ್ಲದ ಅಂಗಡಿಯ ಲೆಕ್ಕ ಅಂಗಡಿಯಾಚೆಗೆ ಒಯ್ಯುವುದಿಲ್ಲವೆಂಬುದನ್ನೇ ಆ ಅಧ್ಯಯನವೂ ತೋರಿಸಿದೆ.

ಟ್ಯೂಶನ್‌ಗೆ ಹಾಕಿದರೆ ಹೊಣೆ ಮುಗಿಯಿತೆಂದು ನಂಬಿದವರಿದ್ದಾರೆ. ಬೆತ್ತ ಹಿಡಿದರೆ ಲೆಕ್ಕ ಬರುತ್ತದೆಂದು ನಂಬಿದವರೂ ಇದ್ದಾರೆ. ಬೆತ್ತದಿಂದ ಬರುವುದು ಭಯ ಮಾತ್ರ. ಭಯಗೊಂಡ ಮಗು ಲೆಕ್ಕ ಮಾಡುವುದಿಲ್ಲ, ಪಕ್ಕದವನದ್ದನ್ನು ನಕಲು ಮಾಡುತ್ತದೆ. ಮನೆಯಲ್ಲಿ ಓದಿಗೆ ಜಾಗವಿಲ್ಲದ ಮಕ್ಕಳಿಗಾಗಿ ಜಮಾಅತ್‌ಗಳು ಸಂಜೆಯ ಒಂದು ಗಂಟೆ ಒಂದು ಕೋಣೆಯನ್ನೂ ದೀಪವನ್ನೂ ಒದಗಿಸಲಾರವೇ? ಮೊಹಲ್ಲಾದ ಒಬ್ಬ ಕಾಲೇಜು ವಿದ್ಯಾರ್ಥಿನಿ ಹತ್ತು ಮಕ್ಕಳ ಜೊತೆ ಕುಳಿತುಕೊಳ್ಳಲಾರಳೇ?

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬೀಜಗಣಿತದ ಗ್ರಂಥ ಬರೆದ ಅಲ್ ಖ್ವಾರಿಝ್ಮಿಯ ಹೆಸರನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಗ್ರಂಥದ ದೊಡ್ಡ ಭಾಗ ವಾರಸು ಆಸ್ತಿಯ ಹಂಚಿಕೆಯ ಲೆಕ್ಕಕ್ಕೆ ಮೀಸಲಾಗಿತ್ತು. ಜನರ ನಿತ್ಯದ ವ್ಯವಹಾರವನ್ನು ಅವರು ಶಾಸ್ತ್ರದ ಬರವಣಿಗೆಗೆ ತಂದಿದ್ದರು. ಆ ಹೆಮ್ಮೆಗೆ ಅರ್ಥ ಬರಬೇಕಾದರೆ, ಇಂದು ಸಂಜೆ ನಮ್ಮ ಮಗುವಿನ ಗಣಿತದ ನೋಟ್‌ಪುಸ್ತಕವನ್ನು ನಾವು ತೆರೆದು ನೋಡಬೇಕು.