ಎಂಟು ಗುಂಡಿಗಳ ಪಾಠ

ವಿದ್ಯಾಸಂಸ್ಥೆಗಳಿಗೆ ದಾನಿಗಳು ಗಣಕಯಂತ್ರಗಳನ್ನು ಕೊಡುವುದು ಇಂದು ಸಾಮಾನ್ಯ ಸಂಗತಿಯಾಗಿದೆ. ಹಿಂದೆ ಗೋಡೆಗಡಿಯಾರದ ಮೇಲೆ, ಪುಸ್ತಕದ ಕಪಾಟಿನ ಮೇಲೆ ಕಾಣುತ್ತಿದ್ದ ದಾನಿಗಳ ಹೆಸರು ಈಗ ಗಣಕ ಕೊಠಡಿಯ ಬಾಗಿಲ ಮೇಲೆ ಕಾಣುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಆ ಕೊಠಡಿಯಿಂದ ಹೊರಬರುವ ವಿದ್ಯಾರ್ಥಿಯನ್ನು ತಡೆದು, 'ನೀನು ಒಂದು ಗುಂಡಿ ಒತ್ತಿದಾಗ ಯಂತ್ರಕ್ಕೆ ಅದು ತಿಳಿಯುವುದು ಹೇಗೆ?' ಎಂದು ಕೇಳಿದರೆ ಉತ್ತರ ದೊರೆಯುವುದೇ? ಈ ಪ್ರಶ್ನೆಗೆ ಉತ್ತರ ಕಲಿಸಲು ಅತ್ಯಂತ ಯೋಗ್ಯವಾದ ಸಾಧನವೆಂದರೆ, ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಟಿವಿ ಗೇಮ್ ಎಂಬುದು ನನ್ನ ಅಭಿಪ್ರಾಯ.

ಈ ಮಾತಿಗೆ ಸತ್ತೂರಿನ ಪರಿಸರವೇ ಕಾರಣ. ಹುಬ್ಬಳ್ಳಿ-ಧಾರವಾಡಗಳ ನಡುವಣ ಈ ಊರಿನಲ್ಲಿ 1986ರಲ್ಲಿ ದಂತವೈದ್ಯಕೀಯ ಕಾಲೇಜು ಬಂದಿತು. 2015ರಲ್ಲಿ ಆರಂಭವಾದ ಧಾರವಾಡದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸ್ವಂತ ಆವರಣವು ಸತ್ತೂರಿಗೆ ಹತ್ತಿರದಲ್ಲಿಯೇ ಎದ್ದುನಿಂತು, 2022ರ ಸೆಪ್ಟೆಂಬರ್ 26ರಂದು ರಾಷ್ಟ್ರಪತಿಗಳಿಂದ ಉದ್ಘಾಟನೆಗೊಂಡಿತು. ದೇಶದ ಮೂಲೆಮೂಲೆಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ಅದರ ಗೋಡೆಯ ಈಚೆ ಬೆಳೆಯುವ ನಮ್ಮ ಮಕ್ಕಳು ಆ ಬಾಗಿಲನ್ನು ಪ್ರವೇಶಿಸುವಂತಾಗಬೇಕಾದರೆ ಯಂತ್ರದ ಭಯ ಶಾಲೆಯಲ್ಲಿಯೇ ನೀಗಬೇಕು.

ನಾನು ಹೇಳುವ ಯಂತ್ರದ ಮೂಲ ಜಪಾನಿನದು. ನಿಂಟೆಂಡೊ ಕಂಪನಿಯು 1983ರ ಜುಲೈ 15ರಂದು 'ಫ್ಯಾಮಿಕಾಮ್' ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮಸಯುಕಿ ಉಎಮುರಾ ಅದರ ವಿನ್ಯಾಸಕಾರರು. ಜಗತ್ತಿನಾದ್ಯಂತ ಆರು ಕೋಟಿಗೂ ಮಿಕ್ಕಿ ಮಾರಾಟವಾದ ಆ ಯಂತ್ರದ ನಕಲುಗಳೇ 1990ರ ದಶಕದಲ್ಲಿ ನಮ್ಮ ಮನೆಗಳಿಗೂ ಬಂದವು. ಕ್ಯಾಸೆಟ್ ಸಿಕ್ಕಿಸಿ 'ಮಾರಿಯೋ', 'ಕಾಂಟ್ರಾ' ಆಡಿದ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯ ಓದುಗರಲ್ಲಿ ಅನೇಕರಿರಬಹುದು. ಅದರ ಕಾರ್ಯಸ್ಮರಣೆ ಕೇವಲ 2 ಕಿಲೋಬೈಟ್. ಇಂದಿನ ಯಂತ್ರಗಳಲ್ಲಿ ಗುಂಡಿಗೂ ಪರದೆಗೂ ನಡುವೆ ಲಕ್ಷಾಂತರ ಸಾಲುಗಳ ಕ್ರಮವಿಧಿ ಅಡಗಿರುತ್ತದೆ. ಇಲ್ಲಿಯಾದರೋ ಗುಂಡಿಯ ಸಂಗತಿಯನ್ನು ಓದಿಕೊಳ್ಳುವ ಕ್ರಮವಿಧಿ, ಅಂದರೆ 'ಡ್ರೈವರ್', ಇಪ್ಪತ್ತು ಸಾಲುಗಳಲ್ಲಿ ಮುಗಿಯುತ್ತದೆ.

ಜಾಯ್‌ಸ್ಟಿಕ್ ಎಂದು ನಾವು ಕರೆಯುತ್ತಿದ್ದ ಆ ಕೈಪೆಟ್ಟಿಗೆಯಲ್ಲಿ ಎಂಟು ಗುಂಡಿಗಳು. ಆದರೆ ಅವುಗಳ ಸುದ್ದಿ ತರಲು ಇರುವುದು ಒಂದೇ ತಂತಿ. ಒಂದು ತಂತಿಯಲ್ಲಿ ಎಂಟು ಉತ್ತರಗಳು ಬರುವ ಬಗೆ ಸೊಗಸಾದುದು. ಹದಿನಾರರ ಎಣಿಕೆಯಲ್ಲಿ 4016 ಎಂಬ ವಿಳಾಸಕ್ಕೆ ಕ್ರಮವಿಧಿಯು ಮೊದಲು 1 ಎಂದೂ, ಅನಂತರ 0 ಎಂದೂ ಬರೆಯಬೇಕು. ಆ ಕ್ಷಣದಲ್ಲಿ ಯಾವ ಗುಂಡಿ ಒತ್ತಿತ್ತು, ಯಾವುದು ಬಿಟ್ಟಿತ್ತು ಎಂಬುದನ್ನು ಪೆಟ್ಟಿಗೆಯೊಳಗಿನ 4021 ಎಂಬ ಚಿಪ್ಪು ಹಿಡಿದಿಟ್ಟುಕೊಳ್ಳುತ್ತದೆ. ಅನಂತರ ಅದೇ ವಿಳಾಸವನ್ನು ಎಂಟು ಸಲ ಓದಿದರೆ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ ಎಂಬ ಅನುಕ್ರಮದಲ್ಲಿ ಒಂದೊಂದೇ ಉತ್ತರ ಹೊರಬರುತ್ತದೆ. ಒತ್ತಿದ್ದರೆ 1, ಇಲ್ಲದಿದ್ದರೆ 0. ತರಗತಿಯಲ್ಲಿ ಹಾಜರಿ ಕೂಗಿದಂತೆಯೇ ಇದು.

ಈ ಕ್ರಮದಲ್ಲಿ ತಪ್ಪಿದರೆ ಯಂತ್ರವೇ ತಪ್ಪನ್ನು ತೋರಿಸಿಕೊಡುತ್ತದೆ. ವಿದ್ಯಾರ್ಥಿಯು 0 ಬರೆಯಲು ಮರೆತನೆನ್ನಿ. ಚಿಪ್ಪು ಮುಂದಕ್ಕೆ ಸರಿಯದೆ ಎಂಟು ಸಲವೂ 'ಎ' ಗುಂಡಿಯ ಉತ್ತರವನ್ನೇ ಕೊಡುತ್ತದೆ. ಒಂದು ಗುಂಡಿ ಒತ್ತಿದರೆ ಎಂಟೂ ಒತ್ತಿದಂತೆ ತೋರುತ್ತದೆ! ಕಾರಣವನ್ನು ಅವನೇ ಹುಡುಕಿದಾಗ ದೊರೆಯುವ ತಿಳಿವಳಿಕೆಯನ್ನು ಯಾವ ಟಿಪ್ಪಣಿಯೂ ಬರೆಸಿ ಕೊಡಲಾರದು. ಮುಂದೆ ಹೋದಂತೆ ಇನ್ನೂ ಆಳವಾದ ಪಾಠಗಳಿವೆ. ಜಿಗಿಯುವ ಗುಂಡಿಯನ್ನು ಈಗ ತಾನೇ ಒತ್ತಿದ್ದೇ, ಮೊದಲಿನಿಂದಲೂ ಒತ್ತಿ ಹಿಡಿದಿದ್ದೇ ಎಂದು ತಿಳಿಯಲು ಹಿಂದಿನ ಓದನ್ನು ಇಂದಿನ ಓದಿನೊಡನೆ ತಾಳೆ ನೋಡಬೇಕು. ತರ್ಕಗಣಿತದ ಪ್ರಯೋಗ ಇಲ್ಲಿ ಕಣ್ಣೆದುರಿಗೆ ಬರುತ್ತದೆ. ಮೂಲ ಜಪಾನೀ ಮತ್ತು ಅಮೆರಿಕನ್ ಮಾದರಿಗಳಲ್ಲಿ ಧ್ವನಿಮುದ್ರಿತ ಸದ್ದು ನುಡಿಯುತ್ತಿರುವಾಗ ಒಮ್ಮೊಮ್ಮೆ ಒಂದು ಉತ್ತರ ಜಾರಿಹೋಗುವ ದೋಷವುಂಟು. ಅದಕ್ಕಾಗಿ ಅನುಭವಿಗಳು ಎರಡು ಸಲ ಓದಿ, ಎರಡೂ ಒಂದೇ ಆಗುವವರೆಗೆ ನಂಬುವುದಿಲ್ಲ. ಸವೆದ ಜಾಯ್‌ಸ್ಟಿಕ್ಕಿನಲ್ಲಿ ಎಡವೂ ಬಲವೂ ಒಟ್ಟಿಗೆ ಒತ್ತಿಹೋಗಬಹುದು. ಅದಕ್ಕೂ ಕ್ರಮವಿಧಿಯಲ್ಲಿ ಉತ್ತರವಿರಬೇಕು. ಬಂದ ಮಾಹಿತಿಯನ್ನು ಪರೀಕ್ಷಿಸದೆ ಸ್ವೀಕರಿಸಬಾರದೆಂಬ ವಿವೇಕವನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಕಲಿಸೋಣ?

ಶಿಕ್ಷಕ ಬಂಧುಗಳ ಆಕ್ಷೇಪಗಳನ್ನು ನಾನು ಬಲ್ಲೆ. ಆಟದ ಗೀಳೇ ಮಕ್ಕಳನ್ನು ಕೆಡಿಸುತ್ತಿರುವಾಗ ಶಾಲೆಗೂ ಆಟವನ್ನು ತರಬೇಕೆ ಎಂಬುದು ಮೊದಲನೆಯದು. ಆಡುವುದು ಬೇರೆ, ಆಟದ ಒಡಲನ್ನು ಬಿಚ್ಚಿ ನೋಡುವುದು ಬೇರೆ. ಗೀಳು ಹತ್ತಿಸುವ ಯಂತ್ರದ ಗುಟ್ಟು ಬಯಲಾದರೆ ಅದರ ಮೋಡಿಯೂ ಅಷ್ಟು ಕಡಿಮೆಯಾದೀತು. ನಾಲ್ಕು ದಶಕಗಳ ಹಳೆಯ ವಿದ್ಯೆಯಿಂದ ಹೊಟ್ಟೆ ತುಂಬುವುದೇ ಎಂಬುದು ಎರಡನೆಯದು. ಭಾರತದ ಗೇಮ್ ಉದ್ಯಮದ ಮೊದಲಿಗರಲ್ಲೊಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತೆಂಬುದನ್ನು ನೆನೆಯೋಣ. ಅಲ್ಲದೆ ಲಿಫ್ಟಿನ ಗುಂಡಿ, ಆಸ್ಪತ್ರೆಯ ಉಪಕರಣ, ಪಂಪ್‌ಸೆಟ್ಟಿನ ಸ್ವಯಂಚಾಲಿತ ಸ್ಟಾರ್ಟರ್ ಇವೆಲ್ಲವುಗಳ ಒಳಗೂ ಹೊರಗಿನ ಸಂಕೇತವನ್ನು ಓದಿ ನಿರ್ಧರಿಸುವ ಇದೇ ತತ್ತ್ವವಿದೆ. ಪಠ್ಯಕ್ರಮ ಮುಗಿಸಲು ವೇಳೆಯಿಲ್ಲವೆಂಬ ಮೂರನೆಯ ಆಕ್ಷೇಪ ನಿಜವಾದುದು. ಆದುದರಿಂದ ಇದನ್ನು ಪರೀಕ್ಷೆಯ ವಿಷಯವಾಗಿಸದೆ, ಶನಿವಾರ ಮಧ್ಯಾಹ್ನ ಆಸಕ್ತರಾದ ಹತ್ತು ಮಕ್ಕಳಿಗೆ ಹೇಳಿಕೊಟ್ಟರೆ ಸಾಕು.

ಇದಕ್ಕೆ ದೊಡ್ಡ ದೇಣಿಗೆಯೂ ಬೇಡ. ಹಳೆಯ ಯಂತ್ರದಂತೆಯೇ ವರ್ತಿಸುವ ಉಚಿತ ತಂತ್ರಾಂಶಗಳು ಈಗ ಲಭ್ಯವಿವೆ. ಶಾಲೆಯಲ್ಲಿರುವ ಸಾಧಾರಣ ಗಣಕದಲ್ಲಿಯೇ ಅವು ಓಡುತ್ತವೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಿಂದ ಒಂದು ಟಿವಿ ಗೇಮನ್ನೂ ಎರಡು ಜಾಯ್‌ಸ್ಟಿಕ್ಕುಗಳನ್ನೂ ಇಳಿಸಿಕೊಡಲಿ. ತಂತ್ರಜ್ಞರಾಗಿರುವವರು ವರ್ಷಕ್ಕೆ ನಾಲ್ಕು ಶನಿವಾರಗಳನ್ನು ಕೊಡಲಿ. ದಾನಿಗಳು ಹೊಸ ಗಣಕಗಳ ಸಾಲಿನ ಪಕ್ಕದಲ್ಲಿ ಒಂದು ಗಟ್ಟಿಯಾದ ಮೇಜು, ಒಂದು ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್ ಇರಿಸಲು ನೆರವಾಗಲಿ. ಮುಚ್ಚಳ ತೆಗೆದು ನೋಡಬಾರದ ಇಪ್ಪತ್ತು ಯಂತ್ರಗಳ ಜೊತೆಗೆ, ಮುಚ್ಚಳ ತೆಗೆದು ನೋಡಲೆಂದೇ ಇಟ್ಟ ಒಂದು ಯಂತ್ರವಾದರೂ ಪ್ರತಿ ಶಾಲೆಯಲ್ಲಿ ಇರಬೇಕು ಎಂಬುದಷ್ಟೇ ನನ್ನ ವಿನಂತಿ.