ಇಂಡಿಯೊಳಗ ಪೆಟ್ರೋಲ್ ಎಷ್ಟು, ಮುದ್ದೇಬಿಹಾಳದಾಗ ಎಷ್ಟು ಅಂತ ಕೇಳೋರಿಗೆ



ಒಂದು ವಾರದಿಂದ ನಮ್ಮ ಜಿಲ್ಲೆಯ ವಾಟ್ಸಾಪ್ ಗ್ರೂಪ್‌ಗಳಾಗ ಪೆಟ್ರೋಲ್ ರೇಟಿನದ್ದೇ ಮಾತು. ಇಂಡಿಯವರು ತಮ್ಮ ಪಂಪಿನ ಮೀಟರ್ ಫೋಟೋ ಹೊಡೆದು ಹಾಕ್ತಾರ, ಸಿಂದಗಿಯವರು ತಮ್ಮದು ಹಾಕ್ತಾರ. ಬಸವನ ಬಾಗೇವಾಡಿಯೊಳಗ ಕಡಿಮಿ ಅದ ಅಂತ ಒಬ್ಬ, ಇಲ್ಲ ಮುದ್ದೇಬಿಹಾಳದಾಗ ಕಡಿಮಿ ಅಂತ ಇನ್ನೊಬ್ಬ. ನಾನೂ ಕುಂತು ನೋಡಿದೆ. ಎಲ್ಲಾ ಕಡೆ 103ರ ಆಸುಪಾಸ ಇತ್ತು. ಫರಕು ಇರೋದು ಪೈಸೆಯೊಳಗ. ಇರೋದೂ ಅಷ್ಟೇ, ಯಾಕಂದ್ರ ರಾಜ್ಯದ ತೆರಿಗೆ ನಾಲ್ಕೂ ತಾಲ್ಲೂಕಿಗೆ ಒಂದೇ. ಡಿಪೋದಿಂದ ಪಂಪಿಗೆ ಟ್ಯಾಂಕರ್ ತರೋ ಖರ್ಚು ಹೆಚ್ಚುಕಡಿಮಿ ಆಗ್ತದ, ಅಷ್ಟ ವ್ಯತ್ಯಾಸ. ಆ ನಾಲ್ಕಾಣೆ ಉಳಿಸಾಕ ಹತ್ತು ಕಿಲೋಮೀಟರ್ ಗಾಡಿ ಓಡಿಸಿದ್ರ ಇಪ್ಪತ್ತು ರೂಪಾಯಿ ಎಣ್ಣಿ ಸುಡ್ತದ.

ಧೂಳಖೇಡ ದಾಟಿ ಸೊಲ್ಲಾಪುರಕ್ಕ ಹೋಗೋರು ಇಲ್ಲೇ ಟ್ಯಾಂಕ್ ಫುಲ್ ಮಾಡಿಸ್ರಿ, ಮಹಾರಾಷ್ಟ್ರದಾಗ ತುಟ್ಟಿ ಅಂತ ಒಬ್ಬರು ಸಲಹೆ ಕೊಟ್ಟಾರ. ಖರೇ ಅದ. ಆದರ ಆ ಅಂತರಾನೂ ಕರಗಕೋತ ಬಂದದ. 2024ರ ಜೂನ್ 15ಕ್ಕ ನಮ್ಮ ರಾಜ್ಯ ಸರ್ಕಾರ ಪೆಟ್ರೋಲ್ ಮಾರಾಟ ತೆರಿಗೆಯನ್ನ ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್‌ದು ಶೇ 14.34ರಿಂದ 18.44ಕ್ಕೆ. ಒಂದೇ ರಾತ್ರಿ ಮೂರು ರೂಪಾಯಿ. 2025ರ ಏಪ್ರಿಲ್ 1ಕ್ಕ ಡೀಸೆಲ್ ತೆರಿಗೆ ಮತ್ತ ಏರಿ ಶೇ 21.17 ಆತು. ದೆಹಲಿಯವರೇನು ಸಾಚಾ ಅಲ್ಲ. ಅದೇ ಏಪ್ರಿಲ್‌ನಾಗ ಎರಡು ರೂಪಾಯಿ ಏರಿಸಿದ ಮ್ಯಾಲ ಲೀಟರ್ ಪೆಟ್ರೋಲಿಗೆ ಕೇಂದ್ರದ ಸುಂಕ 21 ರೂಪಾಯಿ 90 ಪೈಸೆ ಆಗಿತ್ತು. ಅದರಾಗ ರಾಜ್ಯಗಳಿಗೆ ಪಾಲು ಸಿಗೋ ಮೂಲ ಸುಂಕ ಬರೇ 1 ರೂಪಾಯಿ 40 ಪೈಸೆ ಇತ್ತು. ಒಬ್ಬರ ಮ್ಯಾಲ ಒಬ್ಬರು ಬೆರಳು ತೋರಿಸ್ತಾರ, ಕಿಸೆ ಮಾತ್ರ ನಮ್ಮದು. ಇನ್ನೂರು ಎಕರೆ ಗೌಡನೂ ಅಷ್ಟೇ ತೆರಿಗೆ ಕಟ್ಟತಾನ, ಅವನ ಹೊಲದಾಗ ಕಬ್ಬು ಕಡಿಯೋ ಹುಡುಗನೂ ಅಷ್ಟೇ ಕಟ್ಟತಾನ.

ಅಷ್ಟೇ ಅಂದೆನಲ್ಲ, ಅದೂ ಸುಳ್ಳು. ಹುಡುಗ ಹೆಚ್ಚಿಗಿ ಕಟ್ಟತಾನ. ನಮ್ಮ ಕೇರಿಯವರು ಟ್ಯಾಂಕ್ ಫುಲ್ ಮಾಡಿಸಿದ್ದನ್ನ ನಾನು ನೋಡಿಲ್ಲ. ಪಂಪಿಗೆ ಹೋದ್ರ ‘ನೂರು ರೂಪಾಯಿದು ಹಾಕು’ ಅಂತಾರ. ನಡುದಾರಿಯಾಗ ಗಾಡಿ ನಿಂತ್ರ ಊರ ಕಿರಾಣಿ ಅಂಗಡಿಯ ಬಾಟ್ಲಿ ಪೆಟ್ರೋಲೇ ಗತಿ, ಅದು 120, 130. ಗಾಡಿ ನೋಡಿದ್ರ ಮೂರನೇ ಕೈ ಬದಲಾದದ್ದು, ಕಂಪನಿಯವರು ಹೇಳೋ ಮೈಲೇಜ್ ಅದರ ಕನಸಿನಾಗೂ ಬರಂಗಿಲ್ಲ.

ಇಷ್ಟೂ ಬರಿಯಾಕ ಕಾರಣ ಬ್ಯಾರೆ ಅದ.

ಮುದ್ದೇಬಿಹಾಳ ತಾಲ್ಲೂಕಿನ ಒಂದು ಊರು. ಹೆಸರು ಬ್ಯಾಡ, ಕೇಸು ಇನ್ನೂ ನಡದದ. ಅಟ್ರಾಸಿಟಿ ಕೇಸು. ಅರವತ್ತು ದಾಟಿದ ಒಬ್ಬ ದೊಡ್ಡವ್ವ ಮುಖ್ಯ ಸಾಕ್ಷಿ. ಊರಿಗೆ ಮುಂಜಾನೆ ಒಂದು ಬಸ್ಸು. ಅದು ತಪ್ಪಿದ್ರ ವಿಜಯಪುರದ ಕೋರ್ಟ್ ಟೈಮಿಗೆ ಮುಟ್ಟಾಕ ಆಗಂಗಿಲ್ಲ, ಸಿಕ್ಕರೂ ಸಂಜೀಕ ತಿರುಗಿ ಬರೋ ಭರವಸೆ ಇಲ್ಲ. ಅದಕ್ಕ ಮೊಮ್ಮಗ ಬೈಕಿನ ಮ್ಯಾಲ ಕರಕೊಂಡು ಬರ್ತಾನ. ಹೋದ ತಾರೀಖಿಗೆ ನಾನೂ ಕೋರ್ಟಿನ ಹೊರಗ ಕುಂತಿದ್ದೆ. ಎದುರು ಪಾರ್ಟಿ ವಕೀಲರು ಟೈಮ್ ಕೇಳಿದ್ರು, ತಾರೀಖು ಮುಂದಕ್ಕ ಹೋತು. ಹೊರಗ ಬಂದ ದೊಡ್ಡವ್ವ ಸಂಚಿ ಬಿಚ್ಚಿ ಮೊಮ್ಮಗನ ಕೈಯಾಗ ಎರಡು ನೂರರ ನೋಟು ಇಟ್ಟು ನನ್ನ ಕಡೆ ತಿರುಗಿ ಕೇಳಿದ್ಲು:

“ಯಪ್ಪಾ, ಹೊಡಿಸ್ಕೊಂಡಾವ್ರೂ ನಾವ, ಎಣ್ಣಿ ಹಾಕ್ಸಾವ್ರೂ ನಾವ ಏನು?”

ಮನೀಗೆ ಬಂದು ಲೆಕ್ಕ ಹಾಕಿದೆ. ಮುದ್ದೇಬಿಹಾಳದಿಂದ ವಿಜಯಪುರ ಸುಮಾರು 80 ಕಿಲೋಮೀಟರ್, ಹೋಗಿ ಬರಾಕ 160. ಹಳೇ ಗಾಡಿ ಲೀಟರಿಗೆ 45 ಕೊಟ್ಟರ ಮೂರೂವರೆ ಲೀಟರ್, 360 ರೂಪಾಯಿ. ಸಿಂದಗಿಯಿಂದ ಬರೋರಿಗೆ 275, ಇಂಡಿಯವರಿಗೆ 250, ಬಾಗೇವಾಡಿಯವರಿಗೆ 200. ಇದು ತಾಲ್ಲೂಕು ಊರಿನ ಲೆಕ್ಕ. ನಾಲತವಾಡದ ಆಚೀಕಿನವರಿಗೆ, ಭೀಮಾ ದಂಡಿ ಹಳ್ಳಿಯವರಿಗೆ ಇನ್ನೂ ಹೆಚ್ಚು. ಮ್ಯಾಲ ಇಬ್ಬರ ಅಂದಿನ ಕೂಲಿ ಹೋತು.

ಈಗ ನೋಡ್ರಿ. ಸರ್ಕಾರ ಮೂರು ರೂಪಾಯಿ ಏರಿಸಿದ್ದಕ್ಕ ಆ ದೊಡ್ಡವ್ವಗ ಒಂದು ತಾರೀಖಿಗೆ ಬಿದ್ದ ಹೆಚ್ಚುವರಿ ಭಾರ ಹತ್ತು ರೂಪಾಯಿ. ಒಂದು ತಾರೀಖು ಸುಮ್ನ ಮುಂದಕ್ಕ ಹೋದದ್ದಕ್ಕ ಬಿದ್ದ ಭಾರ 360. ಒಂದು ಸಾಕ್ಷಿ ನುಡಿಯಾಕ ಎರಡು ಸಲ ಬರಬೇಕಾದ್ರ ಅಕಿ ಪಾಲಿಗೆ ಪೆಟ್ರೋಲ್ 103 ಅಲ್ಲ, 206. ನಾಲ್ಕು ಸಲ ಅಂದ್ರ ನಾನೂರ ಮ್ಯಾಲ. ನಮ್ಮ ಮಂದಿ ಯಾಕ ಕೇಸು ಅರ್ಧಕ್ಕ ಬಿಡ್ತಾರ, ಯಾಕ ರಾಜಿ ಆಗ್ತಾರ ಅಂತ ಸೆಮಿನಾರಿನ್ಯಾಗ ಕೇಳತೀವಲ್ಲ, ಉತ್ತರದ ಒಂದು ತುಂಡು ಈ ಲೆಕ್ಕದಾಗ ಅದ.

ಕಾನೂನು ಇದನ್ನ ಮೊದಲೇ ಯೋಚನೆ ಮಾಡ್ಯದ. ದೌರ್ಜನ್ಯ ತಡೆ ನಿಯಮಗಳು 1995, ನಿಯಮ 11. ಸಂತ್ರಸ್ತರು, ಅವರ ಅವಲಂಬಿತರು, ಸಾಕ್ಷಿದಾರರು ತನಿಖೆಗೆ ಬರಲಿ, ವಿಚಾರಣೆಗೆ ಬರಲಿ, ಹೋಗಿಬರೋ ರೈಲು ದರ, ಇಲ್ಲಂದ್ರ ಬಸ್ಸು ಅಥವಾ ಟ್ಯಾಕ್ಸಿಯ ಖರೇ ಖರ್ಚು ಕೊಡಬೇಕು. ಹೆಣ್ಣುಮಕ್ಕಳು, ಅರವತ್ತು ದಾಟಿದವರು, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋರು ತಮಗ ಬೇಕಾದವರನ್ನ ಜೊತೀಗೆ ಕರಕೊಂಡು ಬರಬಹುದು, ಅವರ ಖರ್ಚೂ ಸರ್ಕಾರದ್ದೇ. ಕಳಕೊಂಡ ದಿನಕ್ಕ ಕೃಷಿ ಕೂಲಿಯ ಕನಿಷ್ಠ ವೇತನಕ್ಕ ಕಡಿಮಿ ಇಲ್ಲದಂಗ ಭತ್ಯೆ, ಊಟದ ಖರ್ಚು ಬ್ಯಾರೆ. ಇಷ್ಟೂ ಕೈಗೆ ಬರಬೇಕಾದ್ದು ತಕ್ಷಣ, ತಡ ಆದ್ರ ಮೂರು ದಿನದಾಗ. ಕೊಡಬೇಕಾದವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ತಹಶೀಲ್ದಾರ್‌ನಂಥ ಕಾರ್ಯಕಾರಿ ಮ್ಯಾಜಿಸ್ಟ್ರೇಟ್. 2016ರಿಂದ ಕಾಯ್ದೆಯೊಳಗೂ 15ಎ ಕಲಂ ಬಂದು ಇದು ಹಕ್ಕು ಆಗ್ಯದ. ಅದೇ ಕಾಯ್ದೆಯ 14ನೇ ಕಲಂ ವಿಚಾರಣೆ ದಿನಾ ದಿನ ನಡೀಬೇಕು ಅಂತದ, ಸಾಧ್ಯ ಆದಷ್ಟು ಎರಡು ತಿಂಗಳಾಗ ಮುಗಿಬೇಕು ಅಂತದ. ಎರಡು ತಿಂಗಳಾಗ ಮುಗಿದ ಒಂದು ಕೇಸನ್ನ ನಾನು ನೋಡಿಲ್ಲ.

ದೊಡ್ಡವ್ವನ ಪರವಾಗಿ ಅರ್ಜಿ ಬರಕೊಂಡು ಒಂದು ಕಚೇರಿಗೆ ಹೋದೆ. ಕುರ್ಚಿ ಮ್ಯಾಲಿದ್ದ ಸಾಹೇಬ ಕೆಟ್ಟವ ಅಲ್ಲ, ಚಾ ತರಿಸಿದ. “ಟಿಕೆಟ್ ಎಲ್ಲದ್ರಿ?” ಅಂದ. ಬೈಕಿನ ಮ್ಯಾಲ ಬಂದೋರಿಗೆ ಟಿಕೆಟ್ ಎಲ್ಲಿಂದ ಬರ್ತದ? ಪಂಪಿನ ಚೀಟಿ ಕೊಟ್ಟೆ. “ಇದು ಬಸ್ಸೂ ಅಲ್ಲ, ಟ್ಯಾಕ್ಸಿನೂ ಅಲ್ಲ, ನಿಯಮದಾಗ ಬರಂಗಿಲ್ಲ” ಅಂದ. “ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅದಲ್ಲ, ಖರ್ಚು ಎಲ್ಲಿ ಬಂತು?” ಅಂತನೂ ಕೇಳಿದ.

ಶಕ್ತಿ ಯೋಜನೆಗೆ ನಾನು ವಿರೋಧಿ ಅಲ್ಲ. 2023ರ ಜೂನ್ 11ರಿಂದ ನಮ್ಮ ಅವ್ವ, ಅಕ್ಕ, ತಂಗಿಯರು ಮೊದಲ ಸಲ ಕೈಯಾಗ ದುಡ್ಡಿಲ್ಲದ ಊರು ನೋಡ್ಯಾರ. ಗ್ಯಾರಂಟಿಗಳಿಗೆ ಎಸ್‌ಸಿಎಸ್‌ಪಿ, ಟಿಎಸ್‌ಪಿ ದುಡ್ಡು ಬಳಸಿದ್ದನ್ನ ನಾವು ಬೀದಿಯೊಳಗ ನಿಂತು ಪ್ರಶ್ನಿಸೀವಿ, ಅದು ಬ್ಯಾರೆ ಜಗಳ. ಆದರ ಫ್ರೀ ಟಿಕೆಟ್ ಇರೋದು ಬಸ್ಸು ಬರೋ ಊರಿಗೆ. ಬಸ್ಸು ಬಾರದ ಊರಾಗ ಸೊನ್ನೆ ಟಿಕೆಟ್ಟಿಗೂ ಏನು ಬೆಲೆ? ಟಿಕೆಟ್ ಸೊನ್ನೆ ಆದ್ರೂ ಅಂದಿನ ಕೂಲಿ, ಊಟದ ಭತ್ಯೆ ಕೊಡಲೇಬೇಕಲ್ಲ, ಅದರ ಸುದ್ದಿ ಸಾಹೇಬ ತೆಗೀಲಿಲ್ಲ. ನಾನ ತೆಗದೆ. “ಬಜೆಟ್ ಬಂದ ಮ್ಯಾಲ ನೋಡೂಣು” ಅಂದ.

ಇನ್ನ ಕ್ರೂಸರ್ ಮಾಡಿಕೊಂಡು ಹತ್ತು ಸಾಕ್ಷಿ ಒಟ್ಟಿಗೆ ಬರೋಣ ಅಂದ್ರ ಡೀಸೆಲ್ಲೇ ಸಾವಿರದ ಮ್ಯಾಲ, ಬಾಡಿಗೆ ಅದರ ಎರಡು ಪಟ್ಟಿಗೆ ಕಡಿಮಿ ಇಲ್ಲ. ಅದೂ ಗಾಡಿ ಸಿಕ್ಕರ. ಕೇಸು ಹಾಕಿದ ಮ್ಯಾಲ ಊರ ಗಾಡಿಯವರಿಗೆ ಅಂದೇ ಎಲ್ಲಾ ‘ಬ್ಯಾರೆ ಬಾಡಿಗೆ’ ಇರ್ತಾವ. ಬ್ಯಾರೆ ಊರಿಂದ ತರಿಸಬೇಕು, ಅವನು ಬರೋ ಖಾಲಿ ದಾರಿಯ ಎಣ್ಣಿನೂ ನಮ್ಮ ಲೆಕ್ಕಕ್ಕ. 1901ರಾಗ ಹುಡುಗ ಭೀಮರಾವ್ ತನ್ನ ಅಣ್ಣನ ಜೊತಿ ಅಪ್ಪನ್ನ ನೋಡಾಕ ಹೊಂಟು ಮಸೂರು ಸ್ಟೇಷನ್‌ನಾಗ ಇಳಿದಾಗ, ಮಹಾರ್ ಮಕ್ಕಳು ಅಂತ ಗೊತ್ತಾಗಿ ಯಾವ ಬಂಡಿಯವನೂ ಒಪ್ಪಲಿಲ್ಲ. ಕಡೀಕ ಎರಡು ಪಟ್ಟು ಬಾಡಿಗೆ ಕೊಟ್ಟು ಬಂಡಿ ತಾವ ಹೊಡಕೊಂಡು ಹೋದ್ರು, ಬಂಡಿಯವ ಬಾಜೂಕ ನಡಕೋತ ಬಂದ. ನೂರಿಪ್ಪತ್ತು ವರ್ಷ ಆತು, ಎತ್ತಿನ ಬದಲಿ ಡೀಸೆಲ್ ಬಂದದ.

ಈಗ ಕೆಲಸದ ಮಾತು. ಸರ್ಕಾರಿ ನೌಕರ ಸ್ವಂತ ಗಾಡಿ ಮ್ಯಾಲ ಡ್ಯೂಟಿಗೆ ಹೋದ್ರ ಕಿಲೋಮೀಟರ್ ಲೆಕ್ಕದ ಭತ್ಯೆ ಅದ. ಸಾಕ್ಷಿಗೂ ಅದೇ ಲೆಕ್ಕ ಬೇಕು: ಊರಿಂದ ಕೋರ್ಟಿಗೆ ಎಷ್ಟು ಕಿಲೋಮೀಟರ್, ಅಂದಿನ ಪೆಟ್ರೋಲ್ ದರ ಎಷ್ಟು, ಗುಣಾಕಾರ ಮಾಡಿ ಅಂದೇ ಕೊಡ್ರಿ. ಟಿಕೆಟ್ ಕೇಳಬ್ಯಾಡ್ರಿ. ಕೋರ್ಟಿನ ಹಾಜರಿ ಅದ, ಅದೇ ಪುರಾವೆ. ಡಿಸಿಆರ್‌ಇ ಪೊಲೀಸ್ ಠಾಣೆ ಜಿಲ್ಲೆಗೊಂದು ಮಾಡ್ಯಾರ, ಒಳ್ಳೇದು. ಆದರ ಜಿಲ್ಲೆಗೊಂದು ಅಂದ್ರ ಮುದ್ದೇಬಿಹಾಳದವರಿಗೆ ಮತ್ತದೇ 160 ಕಿಲೋಮೀಟರ್. ತನಿಖೆಗೆ ಕರೆಸಿದ್ರೂ ನಿಯಮ 11 ಅನ್ವಯ ಆಗ್ತದ, ನೆನಪಿಡ್ರಿ.

ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯೊಳಗ ನಮ್ಮವರು ಸದಸ್ಯರಿದ್ದೀರಿ. ಮುಂದಿನ ಸಭೆಯಾಗ ಒಂದೇ ಪ್ರಶ್ನೆ ಕೇಳ್ರಿ: ಹೋದ ಮೂರು ವರ್ಷದಾಗ ನಾಲ್ಕೂ ತಾಲ್ಲೂಕಿನ ಎಷ್ಟು ಸಾಕ್ಷಿಗಳಿಗೆ ಪ್ರಯಾಣ ಭತ್ಯೆ ಕೊಟ್ಟೀರಿ, ಎಷ್ಟು ದಿನದಾಗ ಕೊಟ್ಟೀರಿ? ಬರವಣಿಗೆಯೊಳಗ ಉತ್ತರ ಬೇಕು ಅನ್ರಿ. ನಾನೂ ಮಾಹಿತಿ ಹಕ್ಕಿನ ಅರ್ಜಿ ಹಾಕೀನಿ.

ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದಾಗ ಯಾರಿಗಾದ್ರೂ ಈ ದುಡ್ಡು ಬಂದಿದ್ರ ಕೆಳಗ ಬರೀರಿ, ಹೆಂಗ ಬಂತು ಅಂತನೂ ಬರೀರಿ. ಬಂದಿಲ್ಲಂದ್ರ ತಾರೀಖು, ಊರು, ಕಿಲೋಮೀಟರ್ ಒಂದು ಹಾಳ್ಯಾಗ ಬರದು ಇಟ್ಕೋರಿ, ಪಂಪಿನ ಚೀಟಿ ಒಗೀಬ್ಯಾಡ್ರಿ. ದೊಡ್ಡವ್ವನ ಮುಂದಿನ ತಾರೀಖಿಗೆ ಆ ಹಾಳಿ ಎಲ್ಲಾ ಕೂಡಿಸಿ ಒಯ್ಯತೀನಿ.