ಬ್ರೇಕ್ ಇನ್ಸ್‌ಪೆಕ್ಟರ್ ಎದುರು ಮಾತ್ರ ಉರಿಯುವ ದೀಪ

ನಮ್ಮ ಕಾರಿಗೊಂದು ವಿಚಿತ್ರ ರೋಗ ಇತ್ತು. ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಕೆಲವು ಸಲ ಹತ್ತುತ್ತಿತ್ತು, ಕೆಲವು ಸಲ ಇಲ್ಲ. ಪಕ್ಕದ ಮನೆಯ ಅಂಕಲ್ "ನಿಮ್ಮ ಬ್ರೇಕ್ ಲೈಟ್ ಇಲ್ವಲ್ಲ ಮಾರಾಯ್ರೆ" ಅಂತ ಸೋಮವಾರ ಹೇಳಿದರೆ, ಮಂಗಳವಾರ ಗ್ಯಾರೇಜಿಗೆ ಹೋಗುವಾಗ ಎರಡೂ ದೀಪ ಫಳಫಳ. "ಎಂತ ಇಲ್ಲ ಸರ್, ಎಲ್ಲ ಸರಿ ಉಂಟು" ಅಂತ ಅವರು ವಾಪಸ್ ಕಳಿಸ್ತಿದ್ದರು. ಡಾಕ್ಟರ ಎದುರು ಕೂತ ಕೂಡಲೇ ಹಲ್ಲುನೋವು ಮಾಯ ಆಗ್ತದಲ್ಲ, ಹಾಗೆ.

ಒಮ್ಮೆ ಬಲ್ಬ್ ಬದಲಿಸಿದೆ. ಇನ್ನೊಮ್ಮೆ ಬ್ರೇಕ್ ಪೆಡಲ್ ಮೇಲಿರುವ ಸಣ್ಣ ಸ್ವಿಚ್. ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ದೀಪ ಹತ್ತುವುದು ಆ ಸ್ವಿಚ್ಚಿನಿಂದ, ಹಾಗಾಗಿ ಮೊದಲ ಅನುಮಾನ ಅದರ ಮೇಲೇ. ಎರಡು ವಾರ ಸರಿ ಇತ್ತು. ಆಮೇಲೆ ಮತ್ತೆ ಅದೇ ಕಥೆ.

ಅಷ್ಟರಲ್ಲಿ ಕಾರಿಗೆ 15 ವರ್ಷ ಆಗ್ತಾ ಬಂತು. 2010ರ ಜೂನ್‌ನಲ್ಲಿ ಅಪ್ಪ ತಗೊಂಡ ಕಾರು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗೀತದೆ. ಮತ್ತೆ ಬೇಕಾದರೆ ಫಾರ್ಮ್ 25 ತುಂಬಿ, ಗಾಡಿಯನ್ನು ಆರ್‌ಟಿಒಗೆ ತೋರಿಸಿ, 5 ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಅವಧಿ ಮುಗಿಯುವ 60 ದಿನ ಮೊದಲಿಂದ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ಹಿಂದೆ ಇದರ ಶುಲ್ಕ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ಹೆಚ್ಚುವರಿ. ಇದರ ಮೇಲೆ ಗ್ರೀನ್ ಟ್ಯಾಕ್ಸ್, ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್. ಇಷ್ಟೆಲ್ಲ ಕಟ್ಟಿ, ಒಂದು ಹತ್ತದ ಬಲ್ಬಿನಿಂದ ಗಾಡಿ ವಾಪಸ್ ಬಂದರೆ? ರಾತ್ರಿ ನಿದ್ದೆ ಬರ್ತಿರಲಿಲ್ಲ.

ಮೇ ತಿಂಗಳ ಆ ಬೆಳಿಗ್ಗೆ ಗಾಡಿ ಚಂದ ಕಾಣಲಿ ಅಂತ ಪೈಪ್ ಹಿಡಿದು ಚೆನ್ನಾಗಿ ತೊಳೆದೆ. ಆಮೇಲೆ ಹಿಂದಕ್ಕೆ ತಗೊಂಡು ಕಂಪೌಂಡ್ ಗೋಡೆ ಹತ್ತಿರ ನಿಲ್ಲಿಸಿ ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿದರೆ, ಗೋಡೆ ಮೇಲೆ ಕೆಂಪು ಬೆಳಕಿನ ಸುದ್ದಿಯೇ ಇಲ್ಲ! ಡಿಕ್ಕಿ ಬಾಗಿಲಿಗೆ ಎರಡು ಗುದ್ದಿದೆ. ಇಲ್ಲ. ಅಪಾಯಿಂಟ್‌ಮೆಂಟ್ ತಪ್ಪಿಸುವ ಹಾಗಿಲ್ಲ, ಕಡಿಯಾಳಿ ಮಹಿಷಮರ್ದಿನಿ ಅಮ್ಮನಿಗೆ ಕಾರಿನಿಂದಲೇ ಕೈಮುಗಿದು ಹೊರಟೆ.

ಅಲ್ಲಿ ಬಿಸಿಲಲ್ಲಿ ಸುಮಾರು ಎರಡು ಗಂಟೆ ಕಾದೆ. ನಮ್ಮ ಕರಾವಳಿಯ ಮೇ ಬಿಸಿಲು ಗೊತ್ತಲ್ಲ, ಬಾನೆಟ್ ಮೇಲೆ ಹಪ್ಪಳ ಸುಡಬಹುದು. ನನ್ನ ಸರದಿ ಬಂತು. ಬ್ರೇಕ್ ಇನ್ಸ್‌ಪೆಕ್ಟರ್ ಚಾಸಿ ನಂಬರ್ ನೋಡಿದರು, ಟಯರ್ ನೋಡಿದರು, ಹಾರ್ನ್, ಇಂಡಿಕೇಟರ್, ಹೆಡ್‌ಲೈಟ್. "ಬ್ರೇಕ್ ಒತ್ತಿ." ಒತ್ತಿದೆ. ಅವರು ತಲೆ ಆಡಿಸಿದರು. ದೀಪ ಹತ್ತಿತ್ತು!

"ಬೇರೆ ಏನೂ ತೊಂದರೆ ಇಲ್ಲ ಅಲ್ವಾ?" ಅಂತ ಹೋಗ್ತಾ ಕೇಳಿದರು.

"ಇಲ್ಲ ಸರ್" ಅಂದೆ.

ಆ ಎರಡು ಪದ ಎಷ್ಟು ಸಲೀಸಾಗಿ ಬಂತು ಅಂದರೆ, ಸುಳ್ಳು ಹೇಳಿದೆ ಅಂತ ನನಗೇ ಅನ್ನಿಸಲಿಲ್ಲ. ಅವರು ನೋಡಿದಾಗ ಸರಿಯಾಗಿಯೇ ಇತ್ತಲ್ಲ. ತಪಾಸಣೆ ಅಂದರೆ ಆ ಹತ್ತು ನಿಮಿಷದ ಫೋಟೋ ಅಷ್ಟೇ. ಬ್ರಿಟನ್‌ನಲ್ಲಿ 1960ರಿಂದ ಎಂಒಟಿ ಅಂತ ಪರೀಕ್ಷೆ ಉಂಟು, ಈಗ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ. ಅಲ್ಲಿಯೂ ಸರ್ಟಿಫಿಕೇಟ್ ಹೇಳುವುದು ಆ ದಿನದ ಸ್ಥಿತಿ ಮಾತ್ರ. ನಮ್ಮಲ್ಲಿ ಸ್ವಂತ ಕಾರಿಗೆ ಮೊದಲ 15 ವರ್ಷ ಇಂಥ ಪರೀಕ್ಷೆಯೇ ಇಲ್ಲ, ಆಮೇಲೆ 5 ವರ್ಷಕ್ಕೊಮ್ಮೆ. ನಡುವಿನ ದಿನಗಳಿಗೆ ಇನ್ಸ್‌ಪೆಕ್ಟರ್ ನಾವೇ.

ಆರ್‌ಸಿ ರಿನ್ಯೂ ಆಯ್ತು. ಮನೆಯಲ್ಲಿ ಪಾಯಸ ಮಾಡಲಿಲ್ಲ ಅಷ್ಟೇ. ಜೂನ್ ಬಂತು, ಮಳೆ ಹಿಡಿಯಿತು. ನನ್ನ ತಂಗಿಗೆ ಮಣಿಪಾಲದಲ್ಲಿ ಸಂಜೆ ಶಿಫ್ಟ್, ಮಳೆಗಾಲದಲ್ಲಿ ಸ್ಕೂಟರ್ ಬೇಡ ಅಂತ ಕಾರಿನ ಕೀ ಕೊಟ್ಟದ್ದು ನಾನೇ. ಒಂದು ರಾತ್ರಿ ಹತ್ತೂವರೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಸಿಟೌಟಲ್ಲಿ ಕೂತಳು. ಇಂದ್ರಾಳಿ ರೈಲ್ವೆ ಸೇತುವೆ ಹತ್ತಿರ ಎದುರಿನ ರಿಕ್ಷಾ ನಿಂತದ್ದಕ್ಕೆ ಇವಳು ಬ್ರೇಕ್ ಹಾಕಿದ್ದಾಳೆ. ಹಿಂದೆ ಇದ್ದ ಬಸ್ ಕಿರ್‍ ಅಂತ ಜಾರಿ, ಒಂದು ಗೇಣು ದೂರದಲ್ಲಿ ನಿಂತಿದೆ. ಡ್ರೈವರ್ ಇಳಿದು ಬಂದು ಬೈದನಂತೆ, "ಲೈಟ್ ಇಲ್ಲದ ಗಾಡಿ ಯಾಕೆ ರೋಡಿಗೆ ತರ್ತೀರಿ ಅಕ್ಕ?"

ಅವಳು ನನ್ನನ್ನು ಕೇಳಿದ್ದು ಒಂದೇ. "ಅಣ್ಣ, ನಿಂಗೆ ಗೊತ್ತಿತ್ತಾ?"

ಉತ್ತರ ಹೇಳದೆ ಒಳಗೆ ಹೋಗಿ ಅವಳಿಗೆ ಊಟ ಬಡಿಸಿದೆ. ಅದೇ ಉತ್ತರ ಅಂತ ಅವಳಿಗೂ ಗೊತ್ತಾಯ್ತು.

ಮರುದಿನ ರಜೆ ಹಾಕಿ ವಯರಿಂಗ್ ಕೆಲಸ ಮಾತ್ರ ಮಾಡುವ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಬಾನೆಟ್ ತೆಗೆಯಲಿಲ್ಲ, ಮೀಟರ್ ಕೂಡ ತೆಗೆಯಲಿಲ್ಲ. "ಯಾವಾಗ ಹೋಗ್ತದೆ, ಯಾವಾಗ ಬರ್ತದೆ, ಅದು ಹೇಳಿ ಮೊದಲು" ಅಂದರು. ಹೇಳುತ್ತಾ ಹೋದಂತೆ ನನಗೇ ಹೊಳೆಯಿತು. ಪಕ್ಕದ ಮನೆಯವರು ಹೇಳ್ತಿದ್ದದ್ದು ಯಾವಾಗಲೂ ಸೋಮವಾರ. ನಾನು ಕಾರು ತೊಳೆಯುವುದು ಭಾನುವಾರ ಸಂಜೆ! ತಪಾಸಣೆಯ ಬೆಳಿಗ್ಗೆ ತೊಳೆದೆ, ಹೋಯ್ತು. ಎರಡು ಗಂಟೆ ಬಿಸಿಲಲ್ಲಿ ಒಣಗಿತು, ಬಂತು.

ಅವರು ಒಂದು ಮಗ್ ನೀರು ತಂದು ಹಿಂದಿನ ದೀಪದ ಮೇಲೆ ಸುರಿದರು. ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಲು ಹೇಳಿದರು. ಸ್ವಲ್ಪ ಹೊತ್ತಲ್ಲಿ ಹಿಂದಿನ ದೀಪ ಜೋರಾಗುವ ಬದಲು ಮಂಕಾಯ್ತು, ಇಂಡಿಕೇಟರ್ ಕೂಡ ಸಣ್ಣಗೆ ಮಿಣುಕಿತು. "ಅರ್ತ್ ಇಲ್ಲ" ಅಂದರು. ಡಿಕ್ಕಿಯ ಮ್ಯಾಟ್ ಎತ್ತಿದರೆ ಒದ್ದೆ. ದೀಪದ ಸುತ್ತಲಿನ ರಬ್ಬರ್ ಸೀಳಿ ನೀರು ಒಳಗೆ ಇಳಿದು, ಹಿಂದಿನ ದೀಪಗಳ ಅರ್ತ್ ವಯರ್ ಕಟ್ಟಿದ ಬೋಲ್ಟ್ ತುಕ್ಕು ಹಿಡಿದು ಕೆಂಪಾಗಿತ್ತು. ವಾರ ವಾರ ಕಾಪು ಬೀಚಿಗೆ ಹೋಗಿ ಉಪ್ಪುಗಾಳಿಯಲ್ಲಿ ನಿಲ್ಲಿಸುವ ನಮ್ಮ ಚಟವೂ ಸಹಾಯ ಮಾಡಿರಬೇಕು.

ಮೀಟರಿನಲ್ಲಿ ಯಾಕೆ ಸಿಗಲಿಲ್ಲ ಅಂತ ಕೇಳಿದೆ. ಬಲ್ಬ್ ತೆಗೆದು ಮೀಟರ್ ಇಟ್ಟರೆ ಕರೆಂಟ್ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ, ಹಾಗಾಗಿ ತುಕ್ಕಿನ ಮೂಲಕವೂ 12 ವೋಲ್ಟ್ ತೋರಿಸ್ತದೆ. ಬ್ರೇಕ್ ದೀಪ ಸಾಮಾನ್ಯವಾಗಿ 21 ವಾಟ್, ಅಂದರೆ ಒಂದೊಂದಕ್ಕೂ ಒಂದೂಮುಕ್ಕಾಲು ಆಂಪಿಯರ್‌ನಷ್ಟು ಬೇಕು. ಅಷ್ಟು ಎಳೆಯುವಾಗ ವೋಲ್ಟೇಜ್ ತುಕ್ಕಿನಲ್ಲೇ ಕಳೆದುಹೋಗ್ತದೆ. ಅದಕ್ಕೇ ಅವರು ಮೀಟರ್ ಬಿಟ್ಟು, ವಯರ್ ಕಟ್ಟಿದ ಒಂದು ಬಲ್ಬ್ ಇಟ್ಟುಕೊಂಡದ್ದು.

ಬೋಲ್ಟ್ ಉಜ್ಜಿ, ವಯರಿನ ತುದಿ ಹೊಸದು ಹಾಕಿ, ಗ್ರೀಸ್ ಹಚ್ಚಿ, ರಬ್ಬರ್ ಬದಲಿಸಿ 450 ರೂಪಾಯಿ ತಗೊಂಡರು. ಬಲ್ಬ್, ಸ್ವಿಚ್, ನಾಲ್ಕು ಸಲದ ಗ್ಯಾರೇಜು ಅಂತ ನಾನು ಆಗಲೇ ಕಳೆದ ಲೆಕ್ಕ ಬೇಡ.

ನಿಮ್ಮ ಗಾಡಿಗೂ ಹೀಗೆ ಬಂದುಹೋಗುವ ತೊಂದರೆ ಇದ್ದರೆ ಕಂಡ ಕೂಡಲೇ ಫೋನಿನಲ್ಲಿ ವಿಡಿಯೋ ಮಾಡಿ ಇಟ್ಟುಕೊಳ್ಳಿ. ಮಳೆಯಾ, ಬಿಸಿಲಾ, ಗಾಡಿ ಬಿಸಿಯಿತ್ತಾ, ಹಂಪ್ ಹಾರಿದ ಮೇಲಾ ಅಂತ ಎರಡು ಸಾಲು ಬರೆದಿಡಿ. ಗ್ಯಾರೇಜಿನವರು ನಂಬ್ತಾರೆ.

ತಂಗಿ ಮೂರು ದಿನ ನನ್ನತ್ರ ಸರಿಯಾಗಿ ಮಾತಾಡಲಿಲ್ಲ. ಈಗ ಪ್ರತಿ ಸಂಜೆ ಹೊರಡುವ ಮೊದಲು ನನ್ನನ್ನು ಮಳೆಯಲ್ಲೇ ಕಾರಿನ ಹಿಂದೆ ನಿಲ್ಲಿಸ್ತಾಳೆ, ಕೊಡೆ ಹಿಡಿದು. "ಹತ್ತಿತಾ?" ಅಂತ ಒಳಗಿಂದ ಕೂಗ್ತಾಳೆ. "ಹತ್ತಿತು" ಅಂತ ನಾನು ಎರಡು ಸಲ ಹೇಳಬೇಕು, ಒಂದು ಸಲಕ್ಕೆ ಅವಳು ಗೇರ್ ಹಾಕುವುದಿಲ್ಲ.